ಸರ್ಕಾರಿ ವಕೀಲೆಯ ಸಂಕಟ: ಓದುಗರ ಸ್ಪಂದನ

ಬೆಂಗಳೂರಿನ ಓದುಗರೊಬ್ಬರು ಕಳೆದ ವಾರ ತಮ್ಮ ತೊಂದರೆ ಬರೆದುಕೊಂಡಿದ್ದರು. ಅವರು ಹೈಕೋರ್ಟ್‌ನಲ್ಲಿ ಸರ್ಕಾರದ ಪರ ಸಿವಿಲ್ ಮತ್ತು ಸೇವಾ ವಿಷಯದ ಕೇಸು ನಡೆಸುವ ವಕೀಲೆ. ಇಲಾಖೆಗಳಿಂದ ಕಡತ ಸಮಯಕ್ಕೆ ಬರುವುದಿಲ್ಲ, ಬೈಸಿಕೊಳ್ಳುವುದು ಮಾತ್ರ ಇವರು. ಈಗ ಡಿ ದರ್ಜೆ ನೌಕರರೊಬ್ಬರ ಪತ್ನಿ, ಗಂಡ ತೀರಿಹೋದ ಮೇಲೆ ಕುಟುಂಬ ಪಿಂಚಣಿಗಾಗಿ ಅಲೆದು, ಸರ್ಕಾರಿ ನೌಕರರ ಸೇವಾ ವ್ಯಾಜ್ಯ ಕೇಳುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯಲ್ಲಿ ಗೆದ್ದಿದ್ದಾರೆ. ಸೇವಾ ಪುಸ್ತಕದಲ್ಲಿ ಕೆಲವು ವರ್ಷಗಳ ನಮೂದು ಇಲ್ಲ ಎಂಬುದು ಇಲಾಖೆಯ ತಕರಾರು. ಆ ಆದೇಶದ ವಿರುದ್ಧ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ಎಂದು ಇಲಾಖೆಯವರು ಇವರಿಗೆ ಹೇಳಿದ್ದಾರೆ. "ಆ ಹೆಂಗಸಿನ ಎದುರು ನಿಲ್ಲಲು ಮನಸ್ಸು ಒಪ್ಪುತ್ತಿಲ್ಲ. ಈ ಕೆಲಸವನ್ನೇ ಬಿಡಲೇ?" ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಮೊದಲು ಬರೆದು ಕೊಡಿ

ಮೇಡಂ, ನಾನೂ ಅದೇ ಕೆಂಪು ಕಟ್ಟಡದಲ್ಲಿ ಸರ್ಕಾರದ ಪರ ನಿಂತವನು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ರಿಟ್ ಹಾಕುವುದು ಬೇಡ ಅಂತ ನೀವು ಇಲಾಖೆಗೆ ಬರವಣಿಗೆಯಲ್ಲಿ ಹೇಳಿದ ಮಾತು ಅದರಲ್ಲಿ ಎಲ್ಲೂ ಇಲ್ಲ. ಕಾರಿಡಾರಿನಲ್ಲಿ ನಿಂತು "ಇದು ನಿಲ್ಲಲ್ಲ ಸಾರ್" ಅಂದರೆ ಅದು ಅಭಿಪ್ರಾಯ ಆಗುವುದಿಲ್ಲ. ಅಧಿಕಾರಿ ತಲೆ ಆಡಿಸಿ ಹೋಗುತ್ತಾರೆ, ಕಡತದಲ್ಲಿ ಏನೂ ಉಳಿಯುವುದಿಲ್ಲ.

ಇಲಾಖೆಯವರು ಯಾಕೆ ಮೇಲೆ ಹೋಗಿ ಅನ್ನುತ್ತಾರೆ ಅಂತ ಯೋಚಿಸಿ ನೋಡಿ. ಆ ಹೆಂಗಸಿನ ಮೇಲೆ ಅವರಿಗೆ ದ್ವೇಷ ಏನೂ ಇಲ್ಲ. ಅವರಿಗಿರುವುದು ಭಯ. ಇವತ್ತು ಹಣ ಮಂಜೂರು ಮಾಡಿದರೆ, ನಾಳೆ ಆಡಿಟ್‌ನವರು ಬಂದು "ಯಾಕೆ ಪ್ರಶ್ನೆ ಮಾಡಲಿಲ್ಲ?" ಅಂತ ಕೇಳುತ್ತಾರೆ. ಆಗ ತೋರಿಸಲು ಅವರಿಗೊಂದು ಕಾಗದ ಬೇಕು. ರಿಟ್ ಹಾಕಿ ಸೋತರೆ ಕೋರ್ಟಿನ ಆದೇಶವೇ ಆ ಕಾಗದ. ಹಾಕದೇ ಇದ್ದರೆ ನಿಮ್ಮ ಅಭಿಪ್ರಾಯವೇ ಆ ಕಾಗದ ಆಗಬೇಕು. ಅದನ್ನು ಬರೆದು ಕೊಡುವ ಅಧಿಕಾರ ಇರುವುದು ನಿಮ್ಮಂಥವರಿಗೆ ಮಾತ್ರ. ಈ ಹುದ್ದೆಯಲ್ಲಿ ಮಾಡಬಹುದಾದ ಅತಿ ದೊಡ್ಡ ಕೆಲಸ ಅದೇ ಅಂತ ನಾನು ನಂಬಿದ್ದೇನೆ.

ಎರಡು ಪುಟ ಸಾಕು. ನ್ಯಾಯಮಂಡಳಿ ಏನು ಹೇಳಿತು, ಯಾವ ದಾಖಲೆ ನೋಡಿ ಹೇಳಿತು, ಅದರಲ್ಲಿ ಕಾನೂನಿನ ತಪ್ಪು ಇದೆಯೋ ಇಲ್ಲವೋ ಅಂತ ಬರೆಯಿರಿ. ಸುಪ್ರೀಂ ಕೋರ್ಟಿನ 1997ರ ಚಂದ್ರಕುಮಾರ್ ತೀರ್ಪಿನ ನಂತರ ನ್ಯಾಯಮಂಡಳಿಯ ಆದೇಶಗಳು ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠದ ಮುಂದೆ ಬರುತ್ತವೆ. ಅಲ್ಲಿ ಸಾಕ್ಷ್ಯವನ್ನು ಹೊಸದಾಗಿ ತೂಗುವುದಿಲ್ಲ. ಇದು ನಿಮಗೆ ಗೊತ್ತು, ಆದರೆ ಕಡತ ನೋಡುವ ಅಧೀನ ಕಾರ್ಯದರ್ಶಿಗೆ ಗೊತ್ತಿರಬೇಕೆಂದಿಲ್ಲ. ಪಿಂಚಣಿ ಸರ್ಕಾರ ಕೊಡುವ ಭಿಕ್ಷೆಯಲ್ಲ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ನಕಾರಾ ಕೇಸಿನಲ್ಲಿ ಹೇಳಿದೆ, ಅದನ್ನೂ ಸೇರಿಸಿ. ಕೊನೆಗೆ ಸೋತರೆ ಎಷ್ಟು ಬಡ್ಡಿ ಕಟ್ಟಬೇಕಾದೀತು, ನ್ಯಾಯಾಂಗ ನಿಂದನೆಯ ಅರ್ಜಿ ಬಂದರೆ ಯಾರ ಹೆಸರಿಗೆ ಬರುತ್ತದೆ ಅನ್ನುವುದನ್ನು ಬಿಡಿಸಿ ಬರೆಯಿರಿ. ಆ ಕೊನೆಯ ಪ್ಯಾರಾವನ್ನು ಎಲ್ಲರೂ ಗಮನವಿಟ್ಟು ಓದುತ್ತಾರೆ.

ಇಷ್ಟಾದ ಮೇಲೂ "ಹಾಕಲೇಬೇಕು" ಅಂದರೆ? ಕಕ್ಷಿದಾರರು ಅವರು, ನಿರ್ಧಾರ ಅವರದು. ಆಗ ನಿಮಗೆ ಎರಡು ದಾರಿ. ಒಂದೂ ಸಂಗತಿ ಮುಚ್ಚಿಡದೆ ಅರ್ಜಿ ಬರೆಯಿರಿ. ಇಲ್ಲವೇ ಅಡ್ವೊಕೇಟ್ ಜನರಲ್ ಕಚೇರಿಗೆ ಹೋಗಿ, ಈ ಒಂದು ಕೇಸನ್ನು ಬೇರೆಯವರಿಗೆ ಕೊಡಿ ಅಂತ ಕೇಳಿ. ಹಾಗೆ ಕೇಳುವುದರಲ್ಲಿ ಅವಮಾನವಿಲ್ಲ.

ಇನ್ನೊಂದು ಮಾತು. ಮನಸ್ಸು ಕರಗಿ ಆ ಹೆಂಗಸಿಗೋ ಅವರ ವಕೀಲರಿಗೋ ನಿಮ್ಮ ಅಭಿಪ್ರಾಯದ ಸುಳಿವು ಕೊಡಬೇಡಿ. ಕಕ್ಷಿದಾರರ ಗುಟ್ಟು ಕಾಯುವ ಕಟ್ಟಳೆ ಸರ್ಕಾರಕ್ಕೂ ಅನ್ವಯಿಸುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 126ನೇ ಕಲಂನಲ್ಲಿದ್ದ ಆ ನಿಯಮ 2023ರ ಹೊಸ ಕಾಯ್ದೆಯಲ್ಲೂ ಇದೆ.

– ನಿವೃತ್ತ ಸರ್ಕಾರಿ ವಕೀಲರು, ರಾಜಾಜಿನಗರ

ಆ ಒಂದು ಮಾತಿನಿಂದ ನನ್ನ ಕೇಸು ಮುಗಿಯಿತು

ಮಗಳೇ, ನಾನು ಎದುರು ಕಡೆ ಕೂತವಳು. ಶಾಲಾ ಶಿಕ್ಷಕಿಯಾಗಿ ನಿವೃತ್ತಳಾದ ಮೇಲೆ ನನ್ನ ವೇತನ ನಿಗದಿಯಲ್ಲಿ ತಪ್ಪಾಗಿದೆ ಅಂತ ಪಿಂಚಣಿ ತಡೆಹಿಡಿದಿದ್ದರು. ಪ್ರತಿ ಸಲ ಸರ್ಕಾರದ ಕಡೆಯವರು ಎದ್ದು "ಸೂಚನೆ ಬಂದಿಲ್ಲ, ಸಮಯ ಬೇಕು" ಅನ್ನುತ್ತಿದ್ದರು. ನಾನು ಬ್ಯಾಗಿನಲ್ಲಿ ಮಾತ್ರೆ, ನೀರಿನ ಬಾಟಲಿ ಇಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದೆ. ನಮ್ಮ ನಂಬರ್ ಬರುವಷ್ಟರಲ್ಲಿ ಊಟದ ಹೊತ್ತು. ಅರ್ಧ ನಿಮಿಷದಲ್ಲಿ ಮುಂದಿನ ತಾರೀಕು.

ಒಂದು ದಿನ ಹೊಸ ಸರ್ಕಾರಿ ವಕೀಲೆ ಬಂದರು. ನಿಮ್ಮ ವಯಸ್ಸೇ ಇರಬಹುದು. ಕಡತದಲ್ಲಿ ಗುರುತಿಗೆ ಹಳದಿ ಚೀಟಿಗಳನ್ನು ಅಂಟಿಸಿಕೊಂಡಿದ್ದರು. ಅವರು ಎದ್ದು, ನಾನು ದಾಖಲೆ ನೋಡಿದ್ದೇನೆ, ಇಲಾಖೆಯ ಲೆಕ್ಕದಲ್ಲೇ ತಪ್ಪಿದೆ, ಸರಿಪಡಿಸಿ ಪಾವತಿ ಮಾಡಿಸಲು ಕಾಲಾವಕಾಶ ಕೊಡಿ ಅಂತ ಕೇಳಿದರು. ನನಗೆ ಇಂಗ್ಲಿಷಿನ ಆ ಮಾತು ಪೂರ್ತಿ ಅರ್ಥವಾಗುವ ಹೊತ್ತಿಗೆ ಆದೇಶ ಬರೆಸಿ ಆಗಿತ್ತು. ನನ್ನ ವಕೀಲರು ವರ್ಷಗಟ್ಟಲೆ ವಾದಿಸಿದ್ದು ಒಂದು ತೂಕ, ಎದುರು ಕಡೆಯವರು ನಿಜ ಹೇಳಿದ್ದು ಒಂದು ತೂಕ.

ಅವರು ಆ ಕುರ್ಚಿಯಲ್ಲಿ ಇಲ್ಲದೇ ಇದ್ದಿದ್ದರೆ ನಾನು ಇನ್ನೂ ತಾರೀಕು ಬರೆದುಕೊಳ್ಳುತ್ತಾ ಇರುತ್ತಿದ್ದೆ. ನೀನು ಬಿಡಬೇಡ ಕಣಮ್ಮ.

– ನಿವೃತ್ತ ಶಿಕ್ಷಕಿ, ಮಲ್ಲೇಶ್ವರಂ

ಸರ್ಕಾರ ಸೋತರೆ ಕೆರೆ ಹೋಗುತ್ತದೆ

ಸರ್ಕಾರದ ಪರ ವಾದಿಸುವುದು ಅಂದರೆ ಬಡವರ ವಿರುದ್ಧ ವಾದಿಸುವುದು ಅನ್ನುವ ಧ್ವನಿ ನಿಮ್ಮ ಪತ್ರದಲ್ಲಿದೆ. ನಾನು ಒಪ್ಪುವುದಿಲ್ಲ. ನಮ್ಮ ಬಡಾವಣೆಯ ಪಕ್ಕದ ಕೆರೆ ಅಂಗಳದ ಮೇಲೆ ಖಾಸಗಿಯವರು ದಾವೆ ಹೂಡಿದ್ದಾರೆ. ಅಲ್ಲಿ ಬಡವರ ಪರ ಇರುವುದು ಸರ್ಕಾರಿ ವಕೀಲರೇ. ದಾವೆಗೆ ಪ್ರತಿವಾದ ಪತ್ರ ಸಲ್ಲಿಸಲು 30 ದಿನ, ಕೋರ್ಟ್ ಒಪ್ಪಿದರೆ 90 ದಿನ. ತಹಶೀಲ್ದಾರ್ ಕಚೇರಿಯಿಂದ ಪಹಣಿ ಬಂತು, ಆದರೆ ಆಕಾರ್‌ಬಂದ್, ಟಿಪ್ಪಣಿ, ಗ್ರಾಮ ನಕ್ಷೆಯಂಥ ಅಳತೆಯ ದಾಖಲೆ ಬರಲಿಲ್ಲ. ಬರೀ ಪಹಣಿ ಇಟ್ಟುಕೊಂಡು ಕೆರೆಯ ಗಡಿ ತೋರಿಸಲು ಆಗುತ್ತದಾ? ನಾವು ಕೆಲವರು ಸರ್ವೆ ಕಚೇರಿಗೆ ಅಲೆದು ನಕಲು ತೆಗೆಸಿ ಕೊಟ್ಟೆವು. ಆ ವಕೀಲರು ಭಾನುವಾರ ಬಂದು ತೂಬಿನ ಹತ್ತಿರ ನಿಂತು ಗಡಿಕಲ್ಲು ನೋಡಿಕೊಂಡು ಹೋದರು.

ಖಾಸಗಿ ಜಮೀನಿನ ಮೇಲೆ 12 ವರ್ಷದ ಪ್ರತಿಕೂಲ ಸ್ವಾಧೀನ (ಬೇರೆಯವರ ಜಮೀನನ್ನು ಬಹಿರಂಗವಾಗಿ ಅನುಭವಿಸಿ ಹಕ್ಕು ಸಾಧಿಸುವುದು) ಸಾಕು, ಸರ್ಕಾರಿ ಜಮೀನಿಗೆ 30 ವರ್ಷ ಬೇಕು. ಕಾನೂನು ಸರ್ಕಾರಕ್ಕೆ ಇಷ್ಟು ಅನುಕೂಲ ಕೊಟ್ಟರೂ ಬೆಂಗಳೂರಿನ ಸುತ್ತ ಗೋಮಾಳ, ಕೆರೆ ಎಷ್ಟು ಕರಗಿವೆ ಅಂತ ಸರ್ಕಾರಿ ಜಮೀನಿನ ಒತ್ತುವರಿ ಪರಿಶೀಲಿಸಿದ ಎ.ಟಿ. ರಾಮಸ್ವಾಮಿ ಸಮಿತಿಯ ವರದಿಯೇ ಹೇಳುತ್ತದೆ. ದಯವಿಟ್ಟು ಪಿಂಚಣಿ ಕೇಸಿನ ಬೇಸರಕ್ಕೆ ಇಂಥ ಕೇಸುಗಳನ್ನೂ ಬಿಟ್ಟು ಹೋಗಬೇಡಿ.

– ಕೆರೆ ಹಿತರಕ್ಷಣೆಯ ಕಾರ್ಯಕರ್ತ, ಬೆಂಗಳೂರು ಪೂರ್ವ

ಬಿಟ್ಟರೂ ತಪ್ಪಿಲ್ಲ

ಎಲ್ಲರೂ ಇರಿ ಅಂತಲೇ ಬರೆಯಬಹುದು. ನಾನು ಸಿಟಿ ಸಿವಿಲ್ ಕೋರ್ಟಿನಲ್ಲಿ ಸರ್ಕಾರದ ಎದುರು ಕೇಸು ನಡೆಸುವವನು. ದಾವೆಗೆ ಮುಂಚೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 80ನೇ ಕಲಂನ ನೋಟಿಸು ಕೊಟ್ಟು ಎರಡು ತಿಂಗಳು ಕಾಯುತ್ತೇವೆ. ಆ ಎರಡು ತಿಂಗಳು ಇರುವುದೇ ಸರ್ಕಾರ ಯೋಚಿಸಿ ಉತ್ತರ ಕೊಡಲಿ ಅಂತ. ಇದಕ್ಕೆಂದೇ ಅಧಿಕಾರಿ ನೇಮಿಸಿ ಅಂತ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದ ಮೇಲೂ ನನಗೆ ಸರಿಯಾದ ಉತ್ತರ ಸಿಕ್ಕಿದ್ದು ಅಪರೂಪ. ಇಂಥ ವ್ಯವಸ್ಥೆಯ ಭಾರವನ್ನೆಲ್ಲ ಒಬ್ಬ ವಕೀಲೆ ಹೊರಬೇಕಿಲ್ಲ. ನಿದ್ದೆ, ಆರೋಗ್ಯ ಕೆಡುತ್ತಿದ್ದರೆ ಬಿಡಿ. ಆದರೆ ಒಪ್ಪಿಕೊಂಡ ಕೇಸುಗಳನ್ನು ನಡುನೀರಿನಲ್ಲಿ ಕೈಬಿಡದೆ, ಪಟ್ಟಿ ಮಾಡಿ ಇನ್ನೊಬ್ಬರಿಗೆ ಒಪ್ಪಿಸಿ ಹೊರಡಿ.

– ವಕೀಲರು, ಗಾಂಧಿನಗರ

ಕಡತ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂದರೆ

ನಾನು ಗುಮಾಸ್ತನಾಗಿ ಸೇರಿ ಅಧೀಕ್ಷಕನಾಗಿ ನಿವೃತ್ತನಾದವನು. ಕೋರ್ಟಿನ ನೋಟಿಸು ಟಪಾಲಿನಲ್ಲಿ ಬಂದು, ಸಾಹೇಬರ ಸಹಿಯಾಗಿ, ಶಾಖೆಗೆ ಇಳಿದು, ಆ ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರ ಕೈಗೆ ಸೇರುವಷ್ಟರಲ್ಲಿ ನಿಮ್ಮ ಮೊದಲ ತಾರೀಕು ಮುಗಿದಿರುತ್ತದೆ. ಹಾಗಾಗಿ ನೀವು ಮೇಲಧಿಕಾರಿಗೆ ಪತ್ರ ಬರೆದು ಸುಮ್ನೆ ಕಾಯಬೇಡಿ. ವಿಷಯ ನಿರ್ವಾಹಕರ ಹೆಸರು ತಿಳಿದುಕೊಂಡು ಅವರಿಗೇ ಫೋನ್ ಮಾಡಿ. "ಪ್ಯಾರಾವಾರು ಉತ್ತರ ಕಳಿಸಿ" ಅಂದರೆ ಅವರು ಪ್ರತಿ ಪ್ಯಾರಾಕ್ಕೂ "ನಿರಾಕರಿಸಲಾಗಿದೆ" ಅಂತ ಬರೆದು ಕಳಿಸುತ್ತಾರೆ. ಅದರ ಬದಲು ಈ ಆದೇಶ, ಈ ಟಿಪ್ಪಣಿ ಹಾಳೆ, ಈ ಸುತ್ತೋಲೆ ಅಂತ ಹೆಸರಿಟ್ಟು ಕೇಳಿ. ಕಡತವೆಲ್ಲ ಕನ್ನಡದಲ್ಲಿ, ಹೈಕೋರ್ಟಿಗೆ ಬೇಕಾದ್ದು ಇಂಗ್ಲಿಷಿನಲ್ಲಿ. ಅನುವಾದದ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಡತ ಓಡಾಡಿತು ಅನ್ನುವ ಕಾರಣ ಈಗ ನಡೆಯುವುದಿಲ್ಲ ಅಂತ ನಮ್ಮವರಿಗೂ ತಿಳಿಸಿ. 2012ರಲ್ಲಿ ಅಂಚೆ ಇಲಾಖೆಯ 427 ದಿನಗಳ ವಿಳಂಬವನ್ನು ಸುಪ್ರೀಂ ಕೋರ್ಟ್ ಮನ್ನಿಸಲಿಲ್ಲ.

ಇನ್ನು ಆ ತಾಯಿಯ ವಿಷಯ. ಸೇವಾ ಪುಸ್ತಕದಲ್ಲಿ ನಮೂದು ಇಲ್ಲ ಅಂದರೆ ಆ ಮನುಷ್ಯ ಕೆಲಸ ಮಾಡಿಲ್ಲ ಅಂತ ಅರ್ಥ ಅಲ್ಲ. ವರ್ಗಾವಣೆ ಆದಾಗ ಹಳೆಯ ಕಚೇರಿಯವರು ನಮೂದಿಸದೆ ಪುಸ್ತಕ ಕಳಿಸಿರುತ್ತಾರೆ, ಅಷ್ಟೇ. ಸಂಬಳ ಪಡೆದಿದ್ದರೆ ಗುರುತು ಎಲ್ಲೋ ಇದ್ದೇ ಇರುತ್ತದೆ. ನೌಕರರ ಸಂಬಳದ ಲೆಕ್ಕ ಇಡುವ ಎಚ್‌ಆರ್‌ಎಂಎಸ್ ತಂತ್ರಾಂಶ ಬಂದ ಮೇಲಿನ ವರ್ಷಗಳದ್ದು ಕಂಪ್ಯೂಟರಿನಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಹಳೆಯ ಕಚೇರಿಯ ಸಂಬಳ ಬಟವಾಡೆ ಪುಸ್ತಕ, ಖಜಾನೆಯ ಬಿಲ್ಲು, ಕೊನೆಯ ವೇತನ ಪ್ರಮಾಣಪತ್ರ ನೋಡಿಸಿ. ಯಾವುದೂ ಸಿಗದಿದ್ದರೆ ಕೆಜಿಐಡಿಯಲ್ಲಿ, ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯಲ್ಲಿ ವಿಚಾರಿಸಿ. ವಿಮೆಯ ಕಂತು ಯಾವ ತಿಂಗಳಿಂದ ಯಾವ ತಿಂಗಳವರೆಗೆ ಸಂಬಳದಲ್ಲಿ ಕಡಿತವಾಗಿದೆ ಅಂತ ಅವರ ಲೆಡ್ಜರಿನಲ್ಲಿ ಇರುತ್ತದೆ. ಅದರ ನಕಲನ್ನು ನಿಮ್ಮ ಅಭಿಪ್ರಾಯಕ್ಕೆ ಲಗತ್ತಿಸಿ ಕಳಿಸಿ. ಬಿಟ್ಟುಹೋದ ವರ್ಷಗಳನ್ನು ತುಂಬಿ ಪಿಂಚಣಿ ಪ್ರಸ್ತಾವ ಕಳಿಸಲು ಆ ವಿಷಯ ನಿರ್ವಾಹಕರಿಗೆ ಬೇಕಾಗಿರುವುದೂ ಅದೇ ನಕಲು.

– ನಿವೃತ್ತ ಅಧೀಕ್ಷಕರು, ವಿಜಯನಗರ