ಪ್ಲೀ ಬಾರ್ಗೇನಿಂಗ್‌ನಲ್ಲಿ ಒಪ್ಪಿಕೊಂಡ ಶಿಕ್ಷೆ: ಮೇಲ್ಮನವಿ ಹಾಕಬಹುದಾ?

ಕೇಳಿದವರು: ನನ್ನ ತಮ್ಮನ ಮೇಲೆ ವಂಚನೆ ಕೇಸು, 2025ರದ್ದು. ಹಿಂದೆ ಒಂದೂ ಕೇಸಿಲ್ಲ. ‘ಒಪ್ಕೊಂಡ್ರೆ ಬೇಗ ಮುಗಿಯುತ್ತೆ’ ಅಂದರು, ಒಪ್ಪಿಕೊಂಡ. 21 ತಿಂಗಳು ಜೈಲು ಆಯ್ತು. ತೀರ್ಪು ಬಂದು ಹನ್ನೆರಡು ದಿನ. ಅಮ್ಮನಿಗೆ ನಿದ್ದೆಯಿಲ್ಲ. ಮೇಲಿನ ಕೋರ್ಟಿಗೆ ಹೋಗಬಹುದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ: ನಾನು ವಕೀಲರೊಬ್ಬರ ಹತ್ತಿರ ಬಹಳ ವರ್ಷದಿಂದ ಗುಮಾಸ್ತ. ತಮ್ಮ ‘ಒಪ್ಪಿಕೊಂಡ’ ಅಂದ್ರಲ್ಲ, ಹೇಗೆ ಒಪ್ಪಿಕೊಂಡ ಅನ್ನೋದನ್ನ ಮೊದಲು ನೋಡಿ. ಇದರಲ್ಲಿ ಎರಡು ಥರ ಇದೆ, ಮನೆಯವರು ಎರಡನ್ನೂ ಒಂದೇ ಅಂದ್ಕೊಳ್ತಾರೆ.

ಜಡ್ಜ್ ಆರೋಪ ಓದಿ ಹೇಳಿದಾಗ ಸುಮ್ನೆ ‘ತಪ್ಪಾಯ್ತು ಸ್ವಾಮಿ’ ಅಂದಿದ್ದರೆ ಅದು ಬರೀ ತಪ್ಪೊಪ್ಪಿಗೆ. ಆಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 416ನೇ ಕಲಂ ಬರುತ್ತೆ. ತಪ್ಪೇ ಮಾಡಿಲ್ಲ ಅಂತ ಅಪೀಲು ಹಾಕೋಕಾಗಲ್ಲ. ಶಿಕ್ಷೆ ಜಾಸ್ತಿಯಾಯ್ತು ಅಥವಾ ಕಾನೂನಿನ ಪ್ರಕಾರ ಇಲ್ಲ ಅಂತ ಹಾಕಬಹುದು. ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಯಾದರೆ ಸೆಷನ್ಸ್ ಕೋರ್ಟಿಗೆ, 30 ದಿನದೊಳಗೆ. ನಿಮಗೆ ಇನ್ನೂ ಸಮಯ ಇದೆ.

ಹಾಗಲ್ಲದೆ ಇದೇ ಸಂಹಿತೆಯ 290ನೇ ಕಲಮಿನ ಕೆಳಗೆ ಅಫಿಡವಿಟ್ ಜೊತೆ ಅರ್ಜಿ ಹಾಕಿ, ದೂರುದಾರರನ್ನೂ ಕೂರಿಸಿ ಮಾತಾಡಿ ಮುಗಿಸಿದ್ದರೆ ಅದು ಪ್ಲೀ ಬಾರ್ಗೇನಿಂಗ್, ಅಂದರೆ ತಪ್ಪು ಒಪ್ಪಿಕೊಂಡು ಕಡಿಮೆ ಶಿಕ್ಷೆಗೆ ಮಾಡಿಕೊಳ್ಳೋ ಒಪ್ಪಂದ. 295ನೇ ಕಲಮಿನ ಪ್ರಕಾರ ಆ ತೀರ್ಪೇ ಕೊನೆ, ಮಾಮೂಲಿ ಅಪೀಲು ಇಲ್ಲ. ಸಂವಿಧಾನದ 226, 227ನೇ ವಿಧಿಯಲ್ಲಿ ಹೈಕೋರ್ಟಿಗೆ ರಿಟ್, ಇಲ್ಲವಾದರೆ 136ನೇ ವಿಧಿಯಲ್ಲಿ ಸುಪ್ರೀಂ ಕೋರ್ಟ್. ಅಷ್ಟೇ.

ಇನ್ನೊಂದು. 21 ತಿಂಗಳು ಅಂದ್ರಲ್ಲ, ಅದು ಗರಿಷ್ಠ ಶಿಕ್ಷೆಯಾದ ಏಳು ವರ್ಷದ ಕಾಲು ಭಾಗ. ಆದರೆ ಹಿಂದೆ ಯಾವ ಶಿಕ್ಷೆಯೂ ಆಗದವರಿಗೆ ಆರನೇ ಒಂದು ಭಾಗ ಕೊಡಬಹುದು ಅಂತ 293ರಲ್ಲಿದೆ. ಲೆಕ್ಕ ಹಾಕಿ, 14 ತಿಂಗಳು. ಮೊದಲ ಸಲದವನು ಅನ್ನೋದು ಜಡ್ಜ್ ಗಮನಕ್ಕೆ ಬಂದಿತ್ತಾ? ತೀರ್ಪಿನ ಜೊತೆ ಆರ್ಡರ್ ಶೀಟ್‌ನ (ಕೋರ್ಟಿನಲ್ಲಿ ಆಯಾ ದಿನ ನಡೆದದ್ದನ್ನ ಬರೆಯೋ ಹಾಳೆ) ನಕಲೂ ತೆಗೆಸಿ. ಎಲ್ಲ ಅದರಲ್ಲಿರುತ್ತೆ.

ಉತ್ತರ: ನಮ್ಮ ಮನೆಯಲ್ಲೂ ಆಗಿದೆ, ನನ್ನ ಗಂಡನಿಗೆ. ಅರ್ಜಿ ಹಾಕಿದವರನ್ನ ಜಡ್ಜ್ ಒಬ್ಬರೇ ಕೂರಿಸ್ಕೊಂಡು, ದೂರುದಾರರು ಇಲ್ಲದ ಕಡೆ, ‘ನೀನಾಗಿಯೇ ಒಪ್ಪಿಕೊಂಡಿದ್ದೀಯಾ’ ಅಂತ ಕೇಳಬೇಕು. ನಮ್ಮವರನ್ನ ಯಾರೂ ಕೇಳಿರಲಿಲ್ಲ. ಆರ್ಡರ್ ಶೀಟ್‌ನಲ್ಲಿ ಆ ದಿನಕ್ಕೆ ಇದ್ದಿದ್ದು ಒಂದೇ ಸಾಲು, ಕೆಳಗೆ ಇವರ ಸಹಿ. ಇಂಗ್ಲಿಷ್ ಅರ್ಜಿ, ಇವರಿಗೆ ಓದೋಕೆ ಬರಲ್ಲ. ಹೈಕೋರ್ಟ್ ತೀರ್ಪನ್ನ ರದ್ದು ಮಾಡಿತು.

ಆದರೆ ಒಂದು ಮಾತು, ನಮಗೆ ಇದನ್ನ ಯಾರೂ ಮೊದಲೇ ಹೇಳಲಿಲ್ಲ. ರದ್ದಾದರೆ ಬಿಡುಗಡೆ ಅಲ್ಲ. ಕೇಸು ಮತ್ತೆ ವಿಚಾರಣೆಗೆ ಬರುತ್ತೆ, ಕಡಿಮೆ ಶಿಕ್ಷೆಯ ಒಪ್ಪಂದವೂ ಹೋಗುತ್ತೆ. ಜೈಲಿಗೆ ಹೋಗಿ ತಮ್ಮನ ಹತ್ತಿರ ಕೂತು ಮಾತಾಡಿ. ನಿರ್ಧಾರ ಅವನದ್ದಾಗಲಿ.

ಉತ್ತರ: ‘ಮೇಲೆ ಹೋದ್ರೆ ಶಿಕ್ಷೆ ಇನ್ನೂ ಜಾಸ್ತಿ ಮಾಡ್ತಾರೆ’ ಅಂತ ಹೆದರಿಸೋರು ಸಿಗ್ತಾರೆ. ಕರ್ನಾಟಕದ್ದೇ ತಿಪ್ಪೇಸ್ವಾಮಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಹೇಳಿದೆ: ಕಡಿಮೆ ಶಿಕ್ಷೆಯ ಆಸೆ ತೋರಿಸಿ ಒಪ್ಪಿಸಿ, ಆಮೇಲೆ ಮೇಲಿನ ಕೋರ್ಟಿನಲ್ಲಿ ಶಿಕ್ಷೆ ಹೆಚ್ಚಿಸೋದು ಸಂವಿಧಾನದ 21ನೇ ವಿಧಿಗೆ (ಜೀವ, ಸ್ವಾತಂತ್ರ್ಯದ ಹಕ್ಕು) ವಿರುದ್ಧ. ಇನ್ನು ತೀರ್ಪಿಗೆ ಮುಂಚೆ ಒಳಗಿದ್ದ ದಿನಗಳು ಶಿಕ್ಷೆಯಲ್ಲಿ ಕಳೀಬೇಕು. ಕಳೆದಿದ್ದಾರಾ ನೋಡಿ. ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. ಜೈಲಿನಲ್ಲಿ ಇರೋರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನ ಕೊಡುತ್ತೆ.

ಕೇಳಿದವರು: ಇವತ್ತು ನಕಲು ಸಿಕ್ತು. ಅರ್ಜಿಯ ಮೇಲೆ 290 ಅಂತಲೇ ಇದೆ. ಜಡ್ಜ್ ಕೇಳಿದ್ದು, ತಮ್ಮ ಹೇಳಿದ್ದು ಎಲ್ಲ ಬರೆದಿದ್ದಾರೆ, ಅದು ಸರಿಯಿದೆ. ಆದರೆ ಮೊದಲ ಸಲದವನು ಅನ್ನೋ ಮಾತು ಎಲ್ಲೂ ಇಲ್ಲ. ಒಳಗಿದ್ದ 47 ದಿನವನ್ನೂ ಕಳೆದಿಲ್ಲ. ಗುಮಾಸ್ತರೇ, ಅಕ್ಕಾ, ಈ ಎರಡೂ ವಿಷಯ ಬರ್ಕೊಂಡು ನಾಳೆ ಬೆಳಿಗ್ಗೆ ಪ್ರಾಧಿಕಾರದ ವಕೀಲರ ಹತ್ತಿರ ಹೋಗ್ತಿದ್ದೀನಿ.