ನಮ್ಮೂರಿಗೆ ಲಾಜಿಸ್ಟಿಕ್ಸ್ ಪಾರ್ಕ್ ಬರ್ತಿದೆಯಂತೆ, ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮೂರು ನೆಲಮಂಗಲ ದಾಟಿ, ಹೆದ್ದಾರಿಯಿಂದ ಆರು ಕಿಲೋಮೀಟರ್ ಒಳಗೆ. ರಾಗಿ, ಅವರೆ, ಸ್ವಲ್ಪ ರೇಷ್ಮೆ, ಮನೆಗೆ ಎರಡು ಸೀಮೆಹಸು. ಹೋದ ವಾರ ಅಕ್ಕಪಕ್ಕದ ಮೂರು ಊರಿನವರಿಗೆ ನೋಟಿಸ್ ಬಂದಿದೆ. ಗೋದಾಮು, ಕಂಟೇನರ್ ಯಾರ್ಡ್, ಲಾರಿ ನಿಲ್ದಾಣ ಎಲ್ಲ ಸೇರಿದ ದೊಡ್ಡ ಪಾರ್ಕ್ ಅಂತೆ. ನೋಟಿಸ್ ಮೇಲೆ ‘28(2)’ ಎಂದಿದೆ. ಅಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ. ಅರ್ಧ ಊರು ಕೋರ್ಟಿಗೆ ಹೋಗೋಣ ಅನ್ನುತ್ತಿದೆ, ಇನ್ನರ್ಧ ರೇಟ್ ಎಷ್ಟು ಕೇಳೋಣ ಅನ್ನುತ್ತಿದೆ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ಶನಿವಾರ ಭಾನುವಾರ ಮಾತ್ರ ಊರಿಗೆ ಬರಲು ಆಗುತ್ತದೆ. ಮೊದಲು ಏನು ಮಾಡಬೇಕು?

ದೇವನಹಳ್ಳಿ ಕಡೆಯಿಂದ

ತಮ್ಮಾ, ಮೊದಲು ಅಪ್ಪನಿಗೆ ಊಟ ಮಾಡಲು ಹೇಳು. ಇದು ವಾರದಲ್ಲಿ ಮುಗಿಯುವ ಕೆಲಸ ಅಲ್ಲ. ನಮ್ಮ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ನೋಟಿಫಿಕೇಶನ್ ಬಂದಿದ್ದು 2021ರಲ್ಲಿ. 2022ರ ಏಪ್ರಿಲ್ 4ರಂದು ಧರಣಿ ಶುರುವಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೈಬಿಟ್ಟಿದ್ದೇವೆ ಎಂದು ಹೇಳಿದ್ದು 2025ರ ಜುಲೈ 15ರಂದು. ಲೆಕ್ಕ ಹಾಕು, 1,198 ದಿನ. ನಮ್ಮದು ಏರೋಸ್ಪೇಸ್ ಪಾರ್ಕ್ ಹೆಸರಲ್ಲಿ ಬಂತು, ನಿಮ್ಮದು ಗೋದಾಮಿನ ಹೆಸರಲ್ಲಿ. ಕಾಗದ ಮಾತ್ರ ಒಂದೇ.

28(2) ಅಂದರೆ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ. 28(1)ರಲ್ಲಿ ಸರ್ಕಾರ ಜಮೀನು ತಗೊಳ್ಳುವ ಉದ್ದೇಶ ಇದೆ ಅನ್ನುತ್ತದೆ. 28(2) ನಿನ್ನ ಕೈಗೆ ಬಂದಿರುವುದು: ಯಾಕೆ ತಗೋಬಾರದು ಹೇಳು ಅಂತ. ಅದಕ್ಕೆ ಕನಿಷ್ಠ 30 ದಿನ ಕೊಡಬೇಕು. 28(3)ರಲ್ಲಿ ವಿಚಾರಣೆ. 28(4) ಅಂತಿಮ ಘೋಷಣೆ. ಅದು ಗೆಜೆಟ್‌ನಲ್ಲಿ ಬಂದ ದಿನ ಜಮೀನು ಸರ್ಕಾರದ್ದಾಯಿತು, 28(5) ಹೇಳುವುದು ಅದನ್ನೇ. ಹೊಲದಲ್ಲಿ ನೀನೇ ಉಳುತ್ತಾ ಇರಬಹುದು, ಆದರೆ ಕಾಗದದ ಮೇಲೆ ಅದು ನಿನ್ನದಲ್ಲ. ಹಾಗಾಗಿ ನೀವು ಈಗ ನಿಂತಿರುವ ಮೆಟ್ಟಿಲು ಬಹಳ ಮುಖ್ಯ.

ಯಾರಾದರೂ ‘80% ರೈತರ ಒಪ್ಪಿಗೆ ಇಲ್ಲದೆ ಮುಟ್ಟೋಕಾಗಲ್ಲ’ ಅಂದರೆ ನಂಬಿ ಕೂರಬೇಡಿ. ಅದು 2013ರ ಕೇಂದ್ರ ಕಾಯ್ದೆಯ ಮಾತು, ಅದೂ ಖಾಸಗಿ ಕಂಪನಿಗೆ ತಗೊಂಡರೆ. 1966ರ ಕಾಯ್ದೆಯಲ್ಲಿ ಆ ಒಪ್ಪಿಗೆಯ ಲೆಕ್ಕವೇ ಇಲ್ಲ. ನಮ್ಮಲ್ಲಿ ಎಷ್ಟೋ ಜನ ಇದನ್ನೇ ನಂಬಿ ಮೊದಲ ತಿಂಗಳು ಸುಮ್ನೆ ಕಳೆದರು.

ಆಕ್ಷೇಪಣೆ ಒಬ್ಬೊಬ್ಬರೂ ಬೇರೆ ಬೇರೆ ಬರೆಯಿರಿ. ಒಂದೇ ಅರ್ಜಿಗೆ ನೂರು ಹೆಬ್ಬೆಟ್ಟು ಒತ್ತಿಸಿದರೆ ಅದು ಒಂದೇ ಅರ್ಜಿ. ಸರ್ವೆ ನಂಬರ್, ಎಕರೆ ಗುಂಟೆ, ಈಗ ನಿಂತಿರುವ ಬೆಳೆ, ಕೊಳವೆಬಾವಿ, ಎಷ್ಟು ಮರ, ಎಷ್ಟು ಹಸು, ಡೇರಿಗೆ ದಿನಕ್ಕೆ ಎಷ್ಟು ಲೀಟರ್, ಎಲ್ಲ ಇರಲಿ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲಿದ್ದರೆ ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಬದಲಿಸಲು, ಇವತ್ತೇ ಅರ್ಜಿ ಹಾಕಿ. ಬಗರ್‌ಹುಕುಂ, ಅಂದರೆ ಹಕ್ಕುಪತ್ರ ಇಲ್ಲದೆ ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡುವವರನ್ನು ಬಿಟ್ಟು ಮೀಟಿಂಗ್ ಮಾಡಬೇಡಿ, ಒಡಕು ಶುರುವಾಗುವುದೇ ಅಲ್ಲಿಂದ.

ಎರಡು ಪ್ರತಿ ಮಾಡಿಸಿ. ಒಂದನ್ನು ನೋಟಿಸ್ ಕೊಟ್ಟ ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಬನ್ನಿ. ‘ಆಮೇಲೆ ಬನ್ನಿ’ ಅಂದರೆ ಬೆಂಚಿನ ಮೇಲೆ ಕೂತುಬಿಡಿ. ನಮ್ಮ ಅತ್ತೆ ಆ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಸುತ್ತಿ ರಾಗಿ ಹಿಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದರು. ಮೀಟಿಂಗಿಗೆ ಅಂತ ತೆಗೆದಾಗಲೆಲ್ಲ ಮೇಜಿನ ತುಂಬ ಹಿಟ್ಟು. ನಗುತ್ತಿದ್ದೆವು, ಆದರೆ ಹಳ್ಳಿಯಲ್ಲಿ ಎಲ್ಲರಿಗಿಂತ ಚೊಕ್ಕವಾಗಿ ಕಾಗದ ಉಳಿಸಿಕೊಂಡವರು ಅವರೇ.

ಇನ್ನೊಂದು. ಕೈಬಿಟ್ಟ ಮೇಲೂ ಸರ್ಕಾರ, ಸ್ವಇಚ್ಛೆಯಿಂದ ಕೊಡುವವರ ಜಮೀನು ತಗೊಳ್ಳುತ್ತೇವೆ ಎಂದಿತು. ಅಂದರೆ ಗೆದ್ದ ಮಾರನೇ ದಿನವೂ ಊರಲ್ಲಿ ಮಾತುಕತೆ ನಿಲ್ಲುವುದಿಲ್ಲ.

ತುಮಕೂರಿನಿಂದ

ಮಾಹಿತಿ ಹಕ್ಕಿನ ಅರ್ಜಿ ಹಾಕಿ ಎಂದು ಎಲ್ಲರೂ ಹೇಳುತ್ತಾರೆ, ಹಾಕಿ. 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, ನಮ್ಮ ರಾಜ್ಯದಲ್ಲಿ 150 ಪದ ಮೀರಬಾರದು. ಆದರೆ ಉತ್ತರಕ್ಕೂ 30 ದಿನ, ಆಕ್ಷೇಪಣೆಗೂ 30 ದಿನ! ಉತ್ತರ ಬರಲಿ ಎಂದು ಕಾದರೆ ಗಾಡಿ ತಪ್ಪುತ್ತದೆ. ನಾನು ಹಾಗೆ ಕಾದು ಕೆಟ್ಟವನು.

ಯಲ್ಲಾಪುರದಿಂದ

ದೇವನಹಳ್ಳಿಯವರು ಜಮೀನಿನ ಬಗ್ಗೆ ಹೇಳಿದರು. ಪರಿಸರದ ದಾರಿ ಬೇರೆ. ನಿಮ್ಮ ಯೋಜನೆ ಯಾವ ಪಟ್ಟಿಯಲ್ಲಿ ಬರುತ್ತದೆ ಎಂದು ಮೊದಲು ಹುಡುಕಿ, ಇಲ್ಲದಿದ್ದರೆ ಸಿಗದ ಬಾಗಿಲನ್ನೇ ತಟ್ಟುತ್ತಾ ಇರುತ್ತೀರಿ.

ಯಾವ ಯೋಜನೆಗೆ ಪರಿಸರ ಅನುಮತಿ ಬೇಕು ಎಂದು ಪಟ್ಟಿ ಮಾಡುವ 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಬಂದರಿಗೆ ಸಾರ್ವಜನಿಕ ಅಹವಾಲು ಸಭೆ ಇದೆ. ಗೋದಾಮು ಕಟ್ಟಡ ಯೋಜನೆ ಎಂದು ಹೋದರೆ ಆ ಸಭೆಯೇ ಇಲ್ಲ. ರೈಲು ಮಾರ್ಗವಂತೂ ಆ ಪಟ್ಟಿಯಲ್ಲೇ ಇಲ್ಲ. ನಮ್ಮ ಹುಬ್ಬಳ್ಳಿ–ಅಂಕೋಲಾ ಮಾರ್ಗ ನೋಡಿ. ಬಳ್ಳಾರಿ ಕಡೆಯ ಅದಿರು ಕಡಲಿಗೆ ಸಾಗಲಿ ಎಂದು ಹಾಕಿದ ಯೋಜನೆ. ಘಟ್ಟದಲ್ಲಿ ಸುಮಾರು 595 ಹೆಕ್ಟೇರ್ ಕಾಡು ಬೇಕಿತ್ತು. ಹೋರಾಟ ಇಷ್ಟು ವರ್ಷ ನಡೆದಿದ್ದು ಅರಣ್ಯ ಮತ್ತು ವನ್ಯಜೀವಿ ಕಾನೂನಿನ ಮೇಲೆ. ನಿಮ್ಮಲ್ಲಿ ಕಾಡು ಇಲ್ಲದಿರಬಹುದು. ಕೆರೆ, ರಾಜಕಾಲುವೆ, ಗುಂಡುತೋಪು, ಗೋಮಾಳ ಇದೆಯಲ್ವಾ? ಗ್ರಾಮ ನಕ್ಷೆ ತೆಗೆಸಿ, ಕಾಲುವೆ ಯಾವ ಸರ್ವೆ ನಂಬರಿನಲ್ಲಿ ಹಾಯುತ್ತದೆ ನೋಡಿ. ನೂರಾರು ಎಕರೆಗೆ ಕಾಂಕ್ರೀಟ್ ಹಾಕಿದರೆ ಮಳೆನೀರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರವನ್ನು ಬರವಣಿಗೆಯಲ್ಲೇ ಕೇಳಿ.

ಅಂಕೋಲಾದಿಂದ

ನಮ್ಮಲ್ಲಿ ಕಟ್ಟಲು ಹೊರಟಿರುವ ಕೇಣಿ ಬಂದರಿನ ಬಗ್ಗೆ ಕೇಳಿರುತ್ತೀರಿ. 4,119 ಕೋಟಿ ರೂಪಾಯಿ, ವರ್ಷಕ್ಕೆ 3 ಕೋಟಿ ಟನ್ ಸರಕು. 2025ರ ಆಗಸ್ಟ್‌ನಲ್ಲಿ ಅಹವಾಲು ಸಭೆ ನಡೆಯಿತು, ಜನ ಕಿಕ್ಕಿರಿದು ಬಂದಿದ್ದರು. ಇಂಥ ಸಭೆ ನಿಮಗೆ ಸಿಕ್ಕರೆ ಒಂದು ಮಾತು ಹೇಳುತ್ತೇನೆ. ಮೈಕ್ ಕೈಗೆ ಬಂದ ತಕ್ಷಣ ಎಲ್ಲರೂ ‘ನಮಗೆ ಬೇಡ, ಬೇಡ’ ಅನ್ನುತ್ತೇವೆ. ತಪ್ಪಿಲ್ಲ. ಆದರೆ ನಡಾವಳಿಯಲ್ಲಿ ಅದು ‘ಸ್ಥಳೀಯರು ವಿರೋಧಿಸಿದರು’ ಎಂಬ ಒಂದೇ ಸಾಲು ಆಗುತ್ತದೆ. ಹಾಗಾಗಿ ಒಬ್ಬೊಬ್ಬರು ಒಂದೊಂದೇ ವಿಷಯ ಹೇಳಿ. ನನ್ನ ದೋಣಿ ಯಾವ ಕಡೆಯಿಂದ ಕಡಲಿಗೆ ಇಳಿಯುತ್ತದೆ, ಮಳೆಗಾಲದಲ್ಲಿ ಅದನ್ನು ಎಲ್ಲಿ ಎಳೆದು ಇಡುತ್ತೇನೆ, ಮೀನು ಒಣಗಿಸುವ ಮರಳು ಹೋದರೆ ಮನೆಯ ಹೆಂಗಸರ ದುಡಿಮೆ ಎಷ್ಟು ಹೋಗುತ್ತದೆ, ಹೀಗೆ. ಮಾತು ಬಾರದವರು ಬರೆದು ಕೊಡಿ. ಸಭೆ ಮುಗಿಯುವಾಗ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು, ಅದು ನಿಯಮ. ಬಸ್ಸಿಗೆ ಹೊತ್ತಾಯಿತು ಎಂದು ಅದಕ್ಕೆ ಮುಂಚೆ ಏಳಬೇಡಿ.

ಲಾರಿ ಇರುವವನು

ಬೈಯಬೇಡಿ, ನನ್ನವು ಎರಡು ಟ್ರೇಲರ್ ಇವೆ. ಗೋದಾಮು ಬೇಡ ಎಂದು ನಾನು ಹೇಳಲಾರೆ, ನನ್ನ ಅನ್ನ ಅದು. ಆದರೆ ಹೆದ್ದಾರಿಯಿಂದ ಆರು ಕಿಲೋಮೀಟರ್ ಒಳಗೆ ಅಂದಿರಲ್ಲ, ಅದು ನಮಗೂ ತಲೆನೋವು. ನಲವತ್ತು ಅಡಿ ಕಂಟೇನರ್ ಊರ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಹಿಂದೆ ಮುಂದೆ ಮಾಡುವಾಗ ಹಿಂದುಗಡೆ ಸ್ಕೂಟರ್, ಸ್ಕೂಲ್ ಮಕ್ಕಳು. ಒಮ್ಮೆ ಒಂದು ಊರಲ್ಲಿ ಅರಳಿಕಟ್ಟೆಯ ಕಲ್ಲೇ ಕಿತ್ತು ಬಂತು, ಊರಿನವರು ಕೀ ಕಿತ್ತುಕೊಂಡು ರಾತ್ರಿಯಿಡೀ ಕೂರಿಸಿದರು. ಅವರ ತಪ್ಪೇನಿಲ್ಲ. ಗೇಟ್ ಒಳಗೆ ಜಾಗ ಕೊಡದೆ ಒಂದೊಂದು ಸಲ ಎರಡು ದಿನ ಹೊರಗೆ ಕಾಯಿಸುತ್ತಾರೆ. ನೀರಿಲ್ಲ, ಶೌಚಾಲಯ ಇಲ್ಲ. ನಾವು ಇನ್ನೆಲ್ಲಿಗೆ ಹೋಗೋದು, ನಿಮ್ಮ ಹೊಲದ ಬದುವಿಗೇ.

ಕೇಳುವುದಾದರೆ ಹೀಗೆ ಕೇಳಿ: ದಿನಕ್ಕೆ ಎಷ್ಟು ಗಾಡಿ, ಯಾವ ರಸ್ತೆ, ಒಳಗೆ ಎಷ್ಟು ಗಾಡಿಗೆ ನಿಲ್ಲುವ ಜಾಗ. ಮತ್ತೆ, ದಾಬಸ್‌ಪೇಟೆ ಹತ್ತಿರ ಮುದ್ದಲಿಂಗನಹಳ್ಳಿಯಲ್ಲಿ ಸುಮಾರು 400 ಎಕರೆಯ ಮಲ್ಟಿ ಮೋಡಲ್ (ರಸ್ತೆ, ರೈಲು ಎರಡೂ ಸೇರಿದ) ಪಾರ್ಕ್ ಯೋಜನೆ ಇದೆ, ಅದಕ್ಕೆ ರೈಲೂ ಹತ್ತಿರ. ಅದು ಇರುವಾಗ ರೈಲಿಲ್ಲದ ನಿಮ್ಮೂರೊಳಗೆ ಇನ್ನೊಂದು ಯಾಕೆ?

ಇಂಗ್ಲೆಂಡಿನ ಲೆಸ್ಟರ್‌ನಿಂದ

ಮೂಲ ಹಾಸನ, ಈಗ ಇಲ್ಲಿದ್ದೇನೆ. ಲಾರಿಯಣ್ಣ ಹೇಳಿದ್ದು ಓದಿ ಬರೆಯಬೇಕು ಅನ್ನಿಸಿತು. ಇಲ್ಲೇ ಹತ್ತಿರ ಹಿಂಕ್ಲಿ ಅಂತ ಊರು. ಅಲ್ಲಿ ಹೊಲಗಳ ಮಧ್ಯೆ ದೊಡ್ಡ ರೈಲು ಸರಕು ಕೇಂದ್ರ ಮಾಡಲು ಹೊರಟಿದ್ದರು. ದಿನಕ್ಕೆ 16 ರೈಲು, ಸುತ್ತ ಗೋದಾಮುಗಳು. ಹಳ್ಳಿಯವರು ವರ್ಷಗಟ್ಟಲೆ ವಿರೋಧಿಸಿದರು. 2025ರ ಮಾರ್ಚ್‌ನಲ್ಲಿ ಇಲ್ಲಿನ ಸರ್ಕಾರ ಅನುಮತಿ ನಿರಾಕರಿಸಿತು. ನಾನು ಅಂದುಕೊಂಡಿದ್ದು ಹಸಿರು, ಪ್ರಕೃತಿ ಅಂತ ಗೆದ್ದಿರುತ್ತಾರೆ ಎಂದು. ಅಲ್ಲ. ಮುಖ್ಯ ಕಾರಣಗಳಲ್ಲಿ ಒಂದು ಸ್ಯಾಪ್‌ಕೋಟ್ ಎಂಬ ಹಳ್ಳಿಯ ಇಕ್ಕಟ್ಟಿನ ರಸ್ತೆಯಲ್ಲಿ ಲಾರಿಗಳು ಹೋದರೆ ನಡೆದಾಡುವವರ ಗತಿ ಏನು ಅನ್ನುವುದು. ಇಲ್ಲಿನ ಕಾನೂನು ಬೇರೆ, ವಿಚಾರಣೆಯ ಕ್ರಮವೂ ಬೇರೆ. ಆದರೂ ನಿಮ್ಮೂರಿನ ಆ ತಿರುವನ್ನು ಟೇಪ್ ಹಿಡಿದು ಅಳೆಯಿರಿ.

ಜಮೀನು ಕೊಟ್ಟವನು

ಎಲ್ಲರೂ ಹೋರಾಟ ಅನ್ನುತ್ತಿದ್ದೀರಿ, ನಾನು ಕೊಟ್ಟವನು. ಎರಡೂಕಾಲು ಎಕರೆ. ಕೊಟ್ಟಿದ್ದಕ್ಕೆ ನಾಚಿಕೆ ಇಲ್ಲ, ಮಗಳ ಮದುವೆ, ಸಾಲ ಎರಡೂ ತೀರಿತು. ಆದರೆ ನೋಟಿಸ್ ಬರುವ ಮುಂಚೆಯೇ ಒಬ್ಬ ಬ್ರೋಕರ್ ಬಂದು ಅಡ್ವಾನ್ಸ್ ಕೊಟ್ಟು ಜಿಪಿಎ, ಅಂದರೆ ನನ್ನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಬರೆಸಿಕೊಂಡಿದ್ದ. ಆಮೇಲೆ ಬಂದ ಪರಿಹಾರಕ್ಕೆ ಅವನೂ ಕೈ ಚಾಚಿದ. ‘ಮನೆಗೊಂದು ಕೆಲಸ’ ಅಂದಿದ್ದರು. ಮಗ ಎಂಟು ತಿಂಗಳು ಗೇಟಿನಲ್ಲಿ ಸೆಕ್ಯೂರಿಟಿ ಆಗಿ ನಿಂತ, ಕಾಂಟ್ರಾಕ್ಟ್ ಬದಲಾಯಿತು, ಮನೆಗೆ ಬಂದ. ಕೊಡಲೇಬೇಕು ಅನ್ನುವವರನ್ನು ದ್ರೋಹಿ ಅನ್ನಬೇಡಿ. ಯಾವುದಕ್ಕೂ ಒಬ್ಬೊಬ್ಬರೇ ಹೋಗಿ ಸಹಿ ಹಾಕಬೇಡಿ ಎಂದಷ್ಟೇ ಹೇಳಿ. ಇದನ್ನು ನನಗೆ ಯಾರೂ ಹೇಳಲಿಲ್ಲ.

ಕೇಳಿದವನು, ಭಾನುವಾರ ರಾತ್ರಿ

ಎಲ್ಲರಿಗೂ ಧನ್ಯವಾದ. ಅಣ್ಣ, ಅಕ್ಕ, ನೀವು ಬರೆದಿದ್ದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ನೋಟಿಸ್ ತಾರೀಖು ನೋಡಿದರೆ ಇನ್ನು 19 ದಿನ ಇದೆ. ಇವತ್ತು ಡೇರಿ ಮುಂದೆ ಕೂತು 23 ಜನರ ಆಕ್ಷೇಪಣೆ ಬರೆದೆವು. ಐದು ಜನರ ಪಹಣಿ ತಾತನ ಹೆಸರಲ್ಲೇ ಇದೆ. ಮಾರಬೇಕು ಅನ್ನುವ ಇಬ್ಬರು ಚಿಕ್ಕಪ್ಪಂದಿರೂ ಬಂದು ಕೂತರು, ಸಹಿ ಹಾಕಲಿಲ್ಲ, ಎದ್ದೂ ಹೋಗಲಿಲ್ಲ.

ಸ್ಕೂಲ್ ಪಕ್ಕದ ತಿರುವಿನಲ್ಲಿ ರಸ್ತೆ ಅಳೆದೆ. ಟೇಪಿನ ಆ ತುದಿ ಹಿಡಿದವರು ಅಪ್ಪ. ಹದಿನಾಲ್ಕು ಅಡಿ ಇದೆ, ಅದರಲ್ಲೂ ಒಂದು ಅಡಿ ಚರಂಡಿ ಕಲ್ಲು. ನಾಳೆ ರಜೆ ಹಾಕಿದ್ದೇನೆ, ಸೀಲು ಹಾಕಿಸಲು ಹೋಗುತ್ತೇವೆ.