ಸಹಾಯ ಬೇಕು: ನುಡಿ ಫಾಂಟಿನ ಟಿಪ್ಪಣಿಗಳನ್ನು ಎನ್‌ವಿಡಿಎ ಓದುತ್ತಿಲ್ಲ

ದಾವಣಗೆರೆಯಲ್ಲಿ ಪದವಿ ಓದುತ್ತಿರುವ ನನ್ನ ತಂಗಿಗೆ ಕಣ್ಣು ಕಾಣುವುದಿಲ್ಲ. ಸ್ವಂತ ಲ್ಯಾಪ್‌ಟಾಪ್ ಇಲ್ಲದ್ದರಿಂದ ತೆರೆಯ ಮೇಲಿನದನ್ನು ಓದಿ ಹೇಳುವ ಮುಕ್ತ ತಂತ್ರಾಂಶ ಎನ್‌ವಿಡಿಎಯ ಪೋರ್ಟಬಲ್ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಸೈಬರ್ ಕೇಂದ್ರದ ಕಂಪ್ಯೂಟರಿನಲ್ಲಿ ಓದುತ್ತಾಳೆ. ಇನ್‌ಸ್ಟಾಲ್ ಮಾಡದೆಯೇ ನಡೆಯುತ್ತದೆ ಎಂಬುದೇ ದೊಡ್ಡ ಉಪಕಾರ. ಅದರೊಳಗಿನ ಮಾತಿನ ಎಂಜಿನ್ ಇಸ್ಪೀಕ್ ಎನ್‌ಜಿಯ ಕನ್ನಡ ಧ್ವನಿ ತುಸು ಒರಟು, ಆದರೂ ಪತ್ರಿಕೆಗಳ ಜಾಲತಾಣಗಳನ್ನು ಸರಿಯಾಗಿ ಓದುತ್ತದೆ.

ತೊಡಕಿರುವುದು ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಟಿಪ್ಪಣಿಗಳಲ್ಲಿ. ತೆರೆಯ ಮೇಲೆ ಅಚ್ಚ ಕನ್ನಡ, ಕಿವಿಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಧ್ವನಿ ಬದಲಿಸಿದೆ, ಭಾಷೆ ತಾನಾಗಿ ಬದಲಾಗುವ ಆಯ್ಕೆಯನ್ನೂ ಹಾಕಿದೆ. ಫಾಂಟನ್ನು ವಿಂಡೋಸ್‌ನ ಕನ್ನಡ ಫಾಂಟ್ ತುಂಗಾಕ್ಕೆ ಬದಲಿಸಿದರೆ ತೆರೆಯ ಮೇಲಿನ ಕನ್ನಡವೂ ಹೋಯಿತು. ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಪರಿವರ್ತಿಸಬೇಕು ಎಂಬಷ್ಟು ತಿಳಿದಿದೆ, ಆದರೆ ಅದನ್ನು ಅವಳೇ ಮಾಡಿಕೊಳ್ಳುವಂತಿರಬೇಕು. ಪೆನ್‌ಡ್ರೈವ್‌ನಿಂದಲೇ ಚಾಲನೆಯಾಗುವ, ಮೌಸ್ ಇಲ್ಲದೆ ಕೀಲಿಮಣೆಯಿಂದಷ್ಟೇ ಬಳಸಬಹುದಾದ ಮುಕ್ತ ಪರಿವರ್ತಕ ಯಾವುದಿದೆ?